ನೀವು ಬಿಡಲು ಹೇಳಿದ ಕಾಲಮ್

ಪ್ರೀತಿಯ ಸರ್,

ಮಣಿಪಾಲದ ಕಂಪ್ಯೂಟರ್ ಕೋಣೆಯಲ್ಲಿ ನನ್ನ ಕುರ್ಚಿಯ ಹಿಂದೆ ನಿಂತು ನೀವು ಹೇಳಿದ್ದು ನೆನಪಿದೆಯೇ? ಕಾಪುವಿನ ತಾಯಂದಿರ ಸರ್ವೆಯ ಟೇಬಲ್ ತೆರೆದಿತ್ತು. ಬೇಕಾದ ಕಾಲಮ್‌ಗಳ ಹೆಸರು ಬರೆದರೆ ಪ್ರೋಗ್ರಾಮ್ ಅವುಗಳ ಸರಾಸರಿಯನ್ನಷ್ಟೇ ಕೊಡುತ್ತದೆ ಎಂದು ಕಲಿಸಿದವರು ನೀವೇ. ನಾನು ವಯಸ್ಸು, ತೂಕ, ಹೆರಿಗೆ, ‘ತೀರಿಕೊಂಡ ಮಕ್ಕಳು’ ಎಂದು ಟೈಪ್ ಮಾಡಿದೆ. ಸರಾಸರಿಗಳು ತೆರೆಯ ಮೇಲೆ ಬಂದವು; ಕೊನೆಯದನ್ನು ನೋಡಿ ನೀವು ತಡೆದಿರಿ.

“ಅದೊಂದು ಬೇಡ ಮಾರಾಯ್ತಿ.”

“ಎಂತಕ್ಕೆ ಸರ್? ಸರಾಸರಿ ಎಷ್ಟು ಜಾಸ್ತಿ ಉಂಟು ನೋಡಿ!”

“ಅದಕ್ಕೇ ಬೇಡ.”

ನನಗೆ ಅಷ್ಟು ಸಾಕಾಯಿತು. ಮೇಲಿನವರಿಗೆ ಹೆದರಿ ನೀವು ಆ ಹೆಂಗಸರ ದುಃಖವನ್ನು ಮುಚ್ಚಿಡುತ್ತಿದ್ದೀರಿ ಎಂದುಕೊಂಡೆ. ನಿಮ್ಮೊಂದಿಗೆ ಮಾತು ಬಿಟ್ಟೆ.

ಒಂದು ಭಾನುವಾರ ಉಡುಪಿಯ ಬಸ್ ನಿಲ್ದಾಣದಲ್ಲಿ ಕೊಡೆ, ಚೀಲ ಹಿಡಿದು ಸಿಕ್ಕಿಬಿದ್ದಿರಿ. “ಕಾಪುವಿಗೆ, ಸಮುದ್ರ ನೋಡ್ಲಿಕ್ಕೆ” ಎಂದಿರಿ. ಅಂಬಲಪಾಡಿಯಲ್ಲಿ ಮನೆ ಇರುವವರಿಗೆ ಹತ್ತಿರದ ಮಲ್ಪೆಯ ಸಮುದ್ರ ಸಾಲದೇ? ಯಾರ ಬಾಯಿ ಮುಚ್ಚಿಸಲು ಹೊರಟಿದ್ದೀರೋ ಎಂದು... ಹೌದು, ಅಲ್ಲಿಯವರೆಗೂ ಯೋಚಿಸಿದೆ. ನಿಮ್ಮ ದೇಹವನ್ನು ಕಾರ್ಕಳದ ನಿಮ್ಮೂರಿಗೆ ಒಯ್ದ ದಿನವೂ ನಾನು ಅಂಗಳದ ಮೂಲೆಯಲ್ಲಿ ಸಿಟ್ಟಿನಿಂದಲೇ ನಿಂತಿದ್ದೆ.

ಕಳೆದ ತಿಂಗಳು ಸರ್ವೆಯ ಹಳೆಯ ಫ್ಲಾಪಿಯನ್ನು ಕಂಪ್ಯೂಟರ್‌ಗೆ ಹಾಕಿ, ನಿಮ್ಮ ಕಳ್ಳತನ ಹಿಡಿಯಲೆಂದೇ ಆ ಕಾಲಮ್ ತೆರೆದೆ. ಈ ಸಲ ಪ್ರೋಗ್ರಾಮ್‌ಗೆ ಅತಿ ದೊಡ್ಡ ಸಂಖ್ಯೆ ಎಷ್ಟೆಂದೂ ಕೇಳಿದೆ. ಒಂಬತ್ತು. ಸಾಲುಗಳನ್ನು ನೋಡಿದರೆ, ಅಲ್ಲಲ್ಲಿ ಬರೀ ಒಂಬತ್ತು. ಉತ್ತರ ಕೊಡದವರಿಗೆ ಒಂಬತ್ತು ಎಂದು ಹಾಕಿದವಳು ನಾನೇ. ಅದು ಲೆಕ್ಕಕ್ಕಿಲ್ಲವೆಂದು ಪ್ರೋಗ್ರಾಮ್‌ಗೆ ತಿಳಿಸಲು ಮರೆತಿದ್ದೆ. ಉತ್ತರ ಕೊಡದ ಪ್ರತಿಯೊಬ್ಬ ತಾಯಿಗೂ ಅದು ಒಂಬತ್ತು ಮಕ್ಕಳ ಸಾವನ್ನು ಅಂಟಿಸಿತ್ತು.

ನಿಮ್ಮ ಫೈಲಿನಲ್ಲಿ ಆ ತಾಯಂದಿರ ಮನೆಗಳ ಪಟ್ಟಿ ಸಿಕ್ಕಿತು. ಕಾಪುವಿಗೆ ಹೋಗಿ ಕೇಳಿ ಬಂದ ಮನೆಗಳಿಗೆಲ್ಲ ಗುರುತು ಹಾಕಿ ಉತ್ತರ ಬರೆದಿದ್ದಿರಿ. ಮೂರು ಮನೆ ಬಾಕಿ ಇತ್ತು. ತಪ್ಪು ನನ್ನದೆಂದು ಒಂದು ಮಾತು ಹೇಳಬಾರದಿತ್ತೇ? ನಾನು ಅತ್ತುಬಿಡುತ್ತೇನೆಂದೋ, ಅಥವಾ ನನ್ನ ಮೇಲೆ ನಂಬಿಕೆಯೇ... ಈ ಸಂಶಯ ಮಾತ್ರ ಇನ್ನೂ ಹೋಗಿಲ್ಲ ಸರ್.

ಮೊನ್ನೆ ಭಾನುವಾರ ಅದೇ ಬಸ್ಸು ಹತ್ತಿ ಆ ಮೂರೂ ಮನೆಗಳಿಗೆ ಹೋಗಿಬಂದೆ. ಕೊನೆಯ ಮನೆಯ ಅಕ್ಕ ಮೀನು ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

“ಆವತ್ತು ಸರ್ವೆಯವರು ಬಂದಾಗ ಅತ್ತೆ ಪಕ್ಕದಲ್ಲೇ ಕೂತಿದ್ದರು, ಹೇಗೆ ಹೇಳುವುದು? ಒಂದು. ಹೆಣ್ಣು. ಹೆಸರು ಇಟ್ಟಾಗಿತ್ತು.”

ನಿಮ್ಮ ಪಟ್ಟಿಯ ಉತ್ತರಗಳನ್ನೂ ತುಂಬಿದ ಮೇಲೆ ಆ ಕಾಲಮ್ ಈಗ ವರದಿಗೆ ಸೇರಿದೆ. ಆ ಅಕ್ಕನ ಸಾಲಿನಲ್ಲಿ ಒಂಬತ್ತನ್ನು ಅಳಿಸಿ ಒಂದು ಎಂದು ಬರೆದೆ. ಸರಾಸರಿ ಇಳಿಯಿತು ಸರ್. ಸಂತೋಷಪಡಲು ಮಾತ್ರ ಆಗಲಿಲ್ಲ.

ನಿಮ್ಮನ್ನು ನಂಬದೆ ಹೋದ,
ಶಾಲಿನಿ