ಅಮ್ಮ ಅರ್ಧ ನೋಡಿದ ಸಿನಿಮಾ

ಪುರಭವನದ ವಿಶೇಷ ಪ್ರದರ್ಶನಕ್ಕೆ ಸಹಿ ಹಾಕಿದ ಮಾನ್ಯ ಸಂಸ್ಕೃತಿ ಅಧಿಕಾರಿಗಳೇ,

ಕಿವುಡ ದಂಪತಿಗಳನ್ನೇ ಕರೆದು, ಕಿವುಡ ದಂಪತಿಯ ಸಂಸಾರದ ಹಿಂದಿ ಸಿನಿಮಾವನ್ನು, ತೆರೆಯ ಮೇಲೆ ಒಂದಕ್ಷರವೂ ಇಲ್ಲದೆ ತೋರಿಸಿದ ನಿಮ್ಮ ಜಾಣತನವನ್ನು ಹೇಗೆ ಹೊಗಳಲಿ? ಸನ್ನೆಯಲ್ಲಿ ಅರ್ಥ ಹೇಳುತ್ತಿದ್ದ ನನ್ನನ್ನೂ, ನನ್ನ ಅಪ್ಪ ಅಮ್ಮನನ್ನೂ ಅರ್ಧಕ್ಕೇ ಎಬ್ಬಿಸಿ ಹೊರಗೆ ಕಳಿಸಿದಿರಿ. ದೂರು ಇಷ್ಟೇ. ಉಳಿದದ್ದು ನನ್ನ ಹೊಟ್ಟೆಯುರಿ.

ಮೊದಲು ನಿಮ್ಮ ಸತ್ಕಾರವನ್ನು ನೆನೆಯುತ್ತೇನೆ. ಮುಂದಿನ ಸಾಲಿನಲ್ಲೇ ಕೂರಿಸಿದಿರಿ, ಹೂಗುಚ್ಛ ಕೊಟ್ಟಿರಿ, ಮುಕ್ಕಾಲು ಗಂಟೆ ಭಾಷಣ ಮಾಡಿದಿರಿ, ಅದೂ ಮೈಕಿನಲ್ಲಿ! ಪುಸ್ತಕಗಳಿಗೆ ರಟ್ಟು ಕಟ್ಟುವ ನನ್ನ ಅಪ್ಪ ನಿಮ್ಮ ಬಾಯನ್ನೇ ನೋಡಿ ನೋಡಿ, "ಪಾಪ, ಹಲ್ಲುನೋವಿರಬೇಕು" ಎಂದು ಸನ್ನೆ ಮಾಡಿದ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ದೀಪ ಆರಿಸಿದಿರಿ. ನಮ್ಮ ಮನೆಯಲ್ಲಿ ಜಗಳ ಸಾಕೆನಿಸಿದಾಗ ಅಮ್ಮ ಮಾಡುವುದೂ ಅದನ್ನೇ. ಕೈಯೇ ಕಾಣದ ಮೇಲೆ ಅಪ್ಪ ವಾದ ಮಾಡುವುದಾದರೂ ಹೇಗೆ? ದೀಪ ಆರಿತೆಂದರೆ ನಮ್ಮಲ್ಲಿ ಮಾತು ಮುಗಿಯಿತೆಂದೇ ಅರ್ಥ. ಇದನ್ನು ಒಬ್ಬರಾದರೂ ಕಿವುಡರನ್ನು ವಿಚಾರಿಸುವಷ್ಟು ವ್ಯವಧಾನ ನಿಮ್ಮ ಕಚೇರಿಗೆ ಇರಲಿಲ್ಲವೇ?

ನಾನು ಮೊಬೈಲಿನ ಟಾರ್ಚ್ ಮಡಿಲಲ್ಲಿಟ್ಟುಕೊಂಡು ಆ ಬೆಳಕಿನಲ್ಲಿ ಅರ್ಥ ಹೇಳತೊಡಗಿದೆ. ಸಿನಿಮಾದ ಗಂಡ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೆ ಕಿವುಡ ಹೆಂಡತಿ ತಟ್ಟನೆ ತಿರುಗುತ್ತಾಳೆ! ಅಪ್ಪ ಹಣೆ ಚಚ್ಚಿಕೊಂಡ. ಆದರೆ ಅವರ ಕೂಸನ್ನು ನೆಂಟರು ಎತ್ತಿಕೊಂಡು ಹೋದಾಗ ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ನಮ್ಮ ಮನೆಯಲ್ಲೂ ಅದೇ ಆಗಿತ್ತು, ಮಾನ್ಯರೇ. ನಾನು ಹುಟ್ಟಿದ ಹೊಸದರಲ್ಲಿ, ರಾತ್ರಿ ಮಲಗುವಾಗ ಅಪ್ಪ ತನ್ನ ಹೊಲಿಗೆಯ ದಾರದ ಒಂದು ತುದಿಯನ್ನು ನನ್ನ ಕಾಲಿಗೆ, ಇನ್ನೊಂದನ್ನು ಅಮ್ಮನ ಕೈಗೆ ಸಡಿಲವಾಗಿ ಕಟ್ಟುತ್ತಿದ್ದನಂತೆ. ನಾನು ಅತ್ತು ಕಾಲು ಝಾಡಿಸಿದರೆ ಅಮ್ಮನಿಗೆ ಎಚ್ಚರವಾಗುತ್ತಿತ್ತು. ಅದನ್ನು ನೋಡಿದ ದೊಡ್ಡಮ್ಮ, "ಅಯ್ಯಯ್ಯೋ, ಮಗೂನ ಕರು ಕಟ್ಟಿದ ಹಾಗೆ ಕಟ್ಟಿದಾರಲ್ಲ!" ಎಂದು ದಾರ ಕತ್ತರಿಸಿ ನನ್ನನ್ನು ತನ್ನ ಮನೆಗೆ ಒಯ್ದಳು. ಐದು ವರ್ಷ ವಾಪಸ್ ಕೊಡಲಿಲ್ಲ. ಯಾವಾಗ ಕಳಿಸ್ತೀಯ ಎಂದು ಅಮ್ಮ ಕೇಳಿದಾಗಲೆಲ್ಲ, ಆಮೇಲೆ ಹೇಳ್ತೀನಿ ಎಂದು ಕೈಯಾಡಿಸುತ್ತಿದ್ದಳು.

"ಈ ಮಗು ವಾಪಸ್ ಬರುತ್ತಾ?" ಅಮ್ಮ ಆ ಟಾರ್ಚಿನ ಬೆಳಕಿನಲ್ಲಿ ಕೈಯಾಡಿಸಿ ಕೇಳಿದಳು. ಅಷ್ಟರಲ್ಲಿ ನಿಮ್ಮ ಸಿಬ್ಬಂದಿಯೊಬ್ಬ ಬಂದ.

"ರೀ, ಲೈಟ್ ಆಫ್ ಮಾಡ್ರೀ. ಹಿಂದೆ ಕೂತಿರೋ ಸಾಹೇಬ್ರಿಗೆ ತೊಂದರೆ ಆಗ್ತಿದೆ."

"ಇವರಿಗೆ ಕಿವಿ ಕೇಳಲ್ಲಪ್ಪ, ಅರ್ಥ ಹೇಳ್ತಿದೀನಿ."

"ಮನೆಗೆ ಹೋಗಿ ಆಮೇಲೆ ಹೇಳ್ಕೊಳ್ಳಿ. ಈಗ ಏಳಿ."

ಆ ಸಾಹೇಬರು ತಾವೇ ಎಂಬುದು ಬಾಗಿಲ ಬಳಿ ತಿರುಗಿ ನೋಡಿದಾಗ ಗೊತ್ತಾಯಿತು. ಕಿವುಡರ ಕಷ್ಟ ಕಂಡು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ನಾಚಿಕೆಯಾಗಲಿಲ್ಲವೇ ನಿಮಗೆ?

ನಾನೇ ಸಿನಿಮಾದ ಕೊನೆ ನೋಡಿ ತಿಳಿಸಬಹುದಲ್ಲ ಎನ್ನುತ್ತೀರೇನೋ. ಮರುದಿನವೇ ಫೋನಿನಲ್ಲಿ ನೋಡಿದೆ. ಹೇಳಲು ಕೈಯೆತ್ತಿದರೆ ಅಮ್ಮ ನನ್ನ ಎರಡೂ ಕೈಗಳನ್ನು ಹಿಡಿದುಬಿಟ್ಟಳು. ಮತ್ತೆ ಬಿಟ್ಟು, "ಯಾರು ಸತ್ತರು, ಯಾಕೆ ನಕ್ಕರು, ನೀನು ಮೊದಲು ಆಡಿದ ಮಾತು ಯಾವುದು, ಎಲ್ಲಾನೂ ನಂಗೆ ಆಮೇಲೆ ಹೇಳಿದ್ರು. ಇದನ್ನ ಎಲ್ಲರ ಜೊತೆ ಕೂತು ನಾನೇ ನೋಡ್ತೀನಿ" ಎಂದಳು.

ಆದ್ದರಿಂದ ಅದೇ ಭವನದಲ್ಲಿ ಅದೇ ಸಿನಿಮಾವನ್ನು ಮತ್ತೊಮ್ಮೆ ತೋರಿಸಿ. ತೆರೆಯ ಕೆಳಗೆ ನಮ್ಮ ಭಾಷೆಯ ಅಕ್ಷರ ಬರಲಿ, ಪಕ್ಕದಲ್ಲಿ ಸನ್ನೆ ಮಾಡುವವರ ಮೇಲೆ ಒಂದು ದೀಪ ಉರಿಯಲಿ. ಹೂಗುಚ್ಛ ಬೇಡ, ದಯವಿಟ್ಟು ಭಾಷಣವೂ ಬೇಡ. ಉತ್ತರವನ್ನು ನನಗಲ್ಲ, ಅಮ್ಮನಿಗೇ ಬರೆಯಿರಿ, ಆಕೆಗೆ ಓದಲು ಬರುತ್ತದೆ. ಅದರಲ್ಲಿ ದಿನಾಂಕವಿರಲಿ. ಪರಿಶೀಲಿಸಿ ಆಮೇಲೆ ತಿಳಿಸುತ್ತೇವೆ ಎಂದು ಮಾತ್ರ ಬರೆಯಬೇಡಿ.

ಇಂತಿ,
ಐದು ವರ್ಷ ತಡವಾಗಿ ಅಮ್ಮನ ಮನೆಗೆ ವಾಪಸ್ ಬಂದ ಮಗು