ತಿರುವಿನ ಕಂಬಿ

ಅಕ್ಟೋಬರ್ 14, ಮಂಗಳವಾರ

ಡೆಟ್ಲೆಫ್‌ನ ಆ ನಗು ಇನ್ನೂ ಕಿವಿಯಲ್ಲೇ ಇದೆ.

ನಮ್ಮದು ಐದೇ ಜನರ ಆಫೀಸು. ಹಳಿಗೆ ನಕ್ಷೆ ಹಾಕುವುದು ಬಿಟ್ಟರೆ ಬೇರೆ ಕಸುಬಿಲ್ಲ. ತಿರುವಿನಲ್ಲಿ ಟ್ರಾಮಿನ ಹಿಂಬದಿ ಬಾಲದಂತೆ ಹೊರಕ್ಕೆ ಬೀಸುತ್ತದೆ ಎಂಬುದು ನಮಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಸೇತುವೆ ಹತ್ತಿರದ ಪ್ಲಾಟ್‌ಫಾರ್ಮನ್ನು ತಿರುವಿನವರೆಗೂ ಎಳೆಯಬೇಡಿ ಎಂದು ಆಗಲೇ ಬಡಿದುಕೊಂಡಿದ್ದೆ. ನಗರಸಭೆಯವರಿಗೆ ಉದ್ದನೆಯ, ಚೆಂದದ ಪ್ಲಾಟ್‌ಫಾರ್ಮೇ ಬೇಕಿತ್ತು. "ನಮ್ಮ ಫ್ರೌಕೆಗೆ ನೆರಳು ಕಂಡ್ರೂ ಭಯ" ಎಂದು ಆಫೀಸಿನ ಯಜಮಾನ ಡೆಟ್ಲೆಫ್ ಅವರೆದುರೇ ನಕ್ಕು, ಒಪ್ಪಿಕೊಂಡುಬಿಟ್ಟ.

ಇವತ್ತು ಪರೀಕ್ಷೆಯ ಓಟ. ಎಂದಿನಂತೆ ಟ್ರಾಮಿನ ಎರಡೂ ಪಕ್ಕಕ್ಕೆ ಥರ್ಮಾಕೋಲ್ ಅಂಟಿಸಿ, ನಡೆಯುವಷ್ಟೇ ನಿಧಾನಕ್ಕೆ ಬಿಟ್ಟರು. ಎಲ್ಲಿ ತಾಗುತ್ತದೋ ಅಲ್ಲಿ ಅದು ಕಿತ್ತುಹೋಗಬೇಕು. ಪ್ಲಾಟ್‌ಫಾರ್ಮಿನ ತುದಿಯ ತಡೆಕಂಬಿಗೆ ಉಜ್ಜಿ ಕಿತ್ತೇ ಹೋಯಿತು. ನನ್ನ ಕೋಟಿನ ತುಂಬ ಬಿಳಿ ಪುಡಿ.

"ಹೋಗಿದ್ದು ಥರ್ಮಾಕೋಲ್ ತಾನೇ" ಎಂದ ಡೆಟ್ಲೆಫ್. "ಆ ಕಂಬಿ ಕಿತ್ತು ಹಾಕಿದ್ರಾಯ್ತು ಬಿಡಮ್ಮ."

"ಆ ಜಾಗದಲ್ಲಿ ಜನ ನಿಲ್ತಾರಲ್ಲ, ಅವ್ರನ್ನೂ ಕಿತ್ತು ಹಾಕ್ತೀಯಾ?"

ನಗರಸಭೆಯವರು ಮೊಬೈಲು ನೋಡತೊಡಗಿದರು. "ನಾಳೆ ಬೆಳಿಗ್ಗೆ ಬಂದು ಎಲ್ಲಾ ಸರಿಯಿದೆ ಅಂತ ಸಹಿ ಹಾಕು, ಈಗ ಊಟಕ್ಕೆ ನಡಿ" ಎಂದು ಡೆಟ್ಲೆಫ್‌ನದು ಮತ್ತೆ ಅದೇ ನಗು.

ಮನೆಗೆ ಬಂದು ಕೋಟು ಕಳಚಿದರೆ ಪುಡಿ ನೆಲಕ್ಕೆಲ್ಲ ಉದುರಿತು. "ಅಮ್ಮಾ, ಆಗ್ಲೇ ಹಿಮ ಬಿತ್ತಾ?" ಎನ್ನುತ್ತ ಮಗಳು ಇಮ್ಕೆ ಓಡಿಬಂದು ತಬ್ಬಿಕೊಂಡಳು. ಅವಳ ಕೆನ್ನೆ ತಾಗಿದ್ದು ನನ್ನ ಸೊಂಟಕ್ಕೆ. ಆ ಕಂಬಿಯ ಎತ್ತರವೂ ಅಷ್ಟೇ.

ಸಹಿಯಂತೆ ಸಹಿ. ಬೇಕಿದ್ದರೆ ಆ ಡೆಟ್ಲೆಫ್‌ನ ಅಪ್ಪ ಬಂದು ಹಾಕಲಿ, ನಾನಂತೂ ಹಾಕುವುದಿಲ್ಲ.