ದ್ವಾದಶಿಯ ಗುಳಿಗೆ

ಇಂಡಿ,
ಮಾಘ ಶುದ್ಧ ದಶಮಿ, ಶುಕ್ರವಾರ
೭ ಫೆಬ್ರುವರಿ ೨೦೨೫

ಸುಜಯನ ಅಪ್ಪನವರಿಗೆ ನಿಮ್ಮ ವೆಂಕೂಬಾಯಿ ಮಾಡುವ ನಮಸ್ಕಾರಗಳು. ನರ್ಮದೇ ಹರ.

ನಿಮ್ಮ ಪ್ರಕೃತಿ ಹೇಗಿದೆ? ಕಾಲಿನ ಗುಳ್ಳೆಗಳೆಲ್ಲ ಒಣಗಿದವೆಂದು ಭರೂಚಿನಿಂದ ಹಾಕಿದ ಕಾರ್ಡಿನಲ್ಲಿ ಬರೆದಿದ್ದೀರಿ. ನಾನು ನಂಬಿಲ್ಲ. ಮೈ ಜ್ವರದಿಂದ ಕುದಿಯುತ್ತಿದ್ದರೂ ‘ಏನಿಲ್ಲ, ಸ್ವಲ್ಪ ಬೆಚ್ಚಗದ’ ಎನ್ನುವ ಪೈಕಿ ನೀವು. ಉಣ್ಣೆಯ ಟೊಪ್ಪಿಗೆ ತಲೆಯ ಮೇಲಿದೆಯೋ, ಯಾರಾದರೂ ಸಾಧುವಿಗೆ ದಾನ ಮಾಡಿ ಬರಿತಲೆಯಲ್ಲಿ ಹೊರಟಿದ್ದೀರೋ? ಹೊಳೆಯ ಗಾಳಿ ಕೆಟ್ಟದ್ದು. ಸಿಕ್ಕಸಿಕ್ಕವರು ಕೊಟ್ಟ ಖಿಚಡಿಯನ್ನು ನಾಚಿಕೆಗೆ ಕಟ್ಟುಬಿದ್ದು ಹೊಟ್ಟೆ ಬಿರಿಯುವಂತೆ ತಿನ್ನಬೇಡಿ. ನರ್ಮದೆಯನ್ನು ನಡೆದು ಸುತ್ತುವ ಈ ಪರಿಕ್ರಮ ಮುಗಿಯುವ ತನಕ ಮುಟ್ಟುವುದಿಲ್ಲವೆಂದು ಬಿಟ್ಟು ಹೋದ ನಿಮ್ಮ ಫೋನು ಅಲಮಾರಿಯಲ್ಲಿದೆ. ಎಂಟು ದಿನಕ್ಕೊಮ್ಮೆ ಅದನ್ನು ಚಾರ್ಜಿಗೆ ಹಚ್ಚುತ್ತೇನೆ. ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಮಾಘದಲ್ಲಿ ಮಹೇಶ್ವರದ ಧರ್ಮಶಾಲೆಗೆ ಬಂದಿರುತ್ತೇನೆಂದು ನೀವು ಬರೆದ ಕಾರಣ ಈ ಪತ್ರ ಅಲ್ಲಿಗೆ ಹಾಕುತ್ತಿದ್ದೇನೆ. ನಿಮಗೆ ಮುಟ್ಟೀತೆಂದು ನಂಬಿದ್ದೇನೆ.

ಇನ್ನು ನನ್ನ ಸಮಾಚಾರ. ನೀವು ಹೊರಡುವ ಮೊದಲು ವಿಜಯಪುರದ ಡಾಕ್ಟರಬಾಯಿ ಕೊಟ್ಟ ಹೊಸ ಗುಳಿಗೆಯ ಕಥೆಯನ್ನು ಮೊದಲಿನಿಂದ ಹೇಳಬೇಕು. ನನ್ನ ಜಡ್ಡಿನ ಆ ನಾಲಿಗೆ ಹೊರಳದ ಹೆಸರು, ಫೈಬ್ರೊಮಯಾಲ್ಜಿಯಾ, ಈಗ ನನಗೆ ಬಾಯಿಪಾಠವಾಗಿದೆ. ಮೈಯೆಲ್ಲ ಒನಕೆಯಿಂದ ಕುಟ್ಟಿದಂತೆ ನೋಯುತ್ತದೆ ಎಂದರೆ ಒಬ್ಬರು ವಾತ ಎಂದರು, ಒಬ್ಬರು ಮುಟ್ಟು ನಿಂತದ್ದಕ್ಕೆ ಎಂದರು, ನಿಮ್ಮ ಅಕ್ಕನವರು ಮುಖದ ಮೇಲೆಯೇ ‘ಕೆಲಸಗಳ್ಳಿಗೆ ಹತ್ತು ಜಡ್ಡು’ ಎಂದರು. ಆ ಡಾಕ್ಟರಬಾಯಿ ಮಾತ್ರ ‘ರಿಪೋರ್ಟಿನ್ಯಾಗ ಏನೂ ಕಾಣಂಗಿಲ್ಲಂದ್ರ ನೋವೇ ಇಲ್ಲ ಅಂತಲ್ರಿ ಅಮ್ಮಾ’ ಎಂದಾಗ ನಾನು ಅವರ ಮೇಜಿನ ಮುಂದೆಯೇ ಅತ್ತಿದ್ದು ನಿಮಗೆ ನೆನಪಿರಬೇಕು. ಅವರು ಹೇಳಿದ್ದೂ ನೆನಪಿರಬೇಕು: ಮೊದಲ ಕೆಲವು ದಿನ ಗುಳಿಗೆ ಮೈಯ ಜೊತೆ ಜಗಳಾಡುತ್ತದೆ, ಹೆದರಬೇಡಿ, ರಾತ್ರಿ ಊಟವಾದ ಮೇಲೆ ತಗೊಳ್ಳಿ, ಒಂದು ದಿನವೂ ಬಿಡಬೇಡಿ, ನಿಮ್ಮ ಮನಸ್ಸಿಗೆ ಬಂದಂತೆ ನಿಲ್ಲಿಸಲೇಬೇಡಿ. ನೀವು ಬಸ್ಸಿನಲ್ಲಿ ಅದನ್ನೇ ಮಕ್ಕಳಿಗೆ ಮಗ್ಗಿ ಹೇಳಿಸಿದಂತೆ ನನ್ನಿಂದ ಮೂರು ಸಲ ಹೇಳಿಸಿದಿರಿ. ಮೇಷ್ಟ್ರಗಿರಿ ಸುಟ್ಟರೂ ಹೋಗುವುದಿಲ್ಲ.

ಜಗಳವೇನೋ ಆಡಿತು. ನೀವು ಹೋದ ಹೊಸದರಲ್ಲಿ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು, ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಜಪಕ್ಕೆ ಕೂತರೆ ಮಣಿ ಕೈಯಲ್ಲೇ ಇದ್ದು ನಾನು ಗೊರಕೆ. ಆದರೆ ಸೋತೆನೆಂದುಕೊಳ್ಳಬೇಡಿ. ಊಟದ ಕೊನೆಗೆ ಮೊಸರನ್ನ ಉಂಡು ಅದರ ಮೇಲೆ ಗುಳಿಗೆ ನುಂಗಿದರೆ ಹೊಟ್ಟೆ ಸುಮ್ಮನಿರುತ್ತದೆಂದು ಕಂಡುಕೊಂಡೆ. ಲಿಂಬೆಹಣ್ಣಿನ ನೀರನ್ನು ಗುಟುಕು ಗುಟುಕಾಗಿ ಕುಡಿದೆ, ಇಂಡಿಯಲ್ಲಿ ಲಿಂಬೆಗೇನು ಬರ? ಹಾಸಿಗೆಯಿಂದ ಧಡಕ್ಕನೆ ಏಳದೆ ಅಂಚಿಗೆ ಕೂತು, ಗೋಡೆ ಹಿಡಿದು, ಆಮೇಲೆ ಎದ್ದೆ. ಕಣ್ಣು ಎಳೆಯುವ ಹೊತ್ತಿನಲ್ಲಿ ಒಲೆಯ ಹತ್ತಿರ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಎಲ್ಲ ಹದಕ್ಕೆ ಬಂತು. ಒಂದು ಬೆಳಿಗ್ಗೆ ಎರಡೂ ಕೈ ಎತ್ತಿ ನನ್ನ ಹೆರಳು ನಾನೇ ಹಾಕಿಕೊಂಡೆನ್ರೀ! ಎಷ್ಟು ವರ್ಷವಾಗಿತ್ತು! ಅಂಗಳದಲ್ಲಿ ಕೂತು ದೊಡ್ಡ ರಂಗೋಲಿ ಹಾಕಿದೆ. ಎದುರು ಮನೆಯ ನಜಮಾ ಹೊಲಿಗೆಯ ಮಷೀನು ಬಿಟ್ಟು ಬಂದು ‘ಅಕ್ಕಾರ, ಇವತ್ತೇನ್ ನಿಮ್ಮ ಮನ್ಯಾಗ ಲಗ್ನ ಐತೇನ್ರಿ?’ ಎಂದು ನಕ್ಕಳು.

ಆಗಲೇ ನಿಮ್ಮ ಮೊದಲ ಕಾರ್ಡು ಬಂತು. ‘ಪಾದದ ಚರ್ಮ ಸುಲಿದಿದೆ, ಪ್ರತಿ ಹೆಜ್ಜೆಗೂ ನಿನ್ನ ನೋವನ್ನು ತಾಯಿ ನರ್ಮದೆಗೆ ಒಪ್ಪಿಸುತ್ತಿದ್ದೇನೆ’ ಎಂದು ಬರೆದಿದ್ದಿರಿ. ನನ್ನ ಸಲುವಾಗಿ ನೀವು ಕಲ್ಲುಮುಳ್ಳು ತುಳಿಯಬೇಕು, ನಾನು ಮೊಸರನ್ನ ಉಂಡು ಮಲಗಬೇಕೆ? ಮಡಿಯುಟ್ಟು ದೇವರ ಮುಂದೆ ಸಂಕಲ್ಪ ಮಾಡಿದೆ: ನೀವು ನಡೆಯುವಷ್ಟು ದಿನ ನಾನು ವಿಷ್ಣುಪಂಚಕ ಹಿಡಿಯುತ್ತೇನೆ. ಎರಡು ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ, ಶ್ರವಣ, ಎಲ್ಲವೂ ನಿರ್ಜಲ. ಏಕಾದಶಿಗೆ ದಶಮಿಯ ರಾತ್ರಿಯಿಂದಲೇ ಊಟವಿಲ್ಲ, ಉಳಿದವಕ್ಕೂ ಹಾಗೆಯೇ. ಊಟವಿಲ್ಲದಿದ್ದರೆ ಗುಳಿಗೆಯೂ ಇಲ್ಲ. ಬರಿಹೊಟ್ಟೆಯಲ್ಲಿ ಒಮ್ಮೆ ನುಂಗಿ ನೋಡಿದೆ, ಕರುಳೇ ಹೊರಗೆ ಬಂದ ಹಾಗೆ ವಾಂತಿ. ಔಷಧಕ್ಕೆ ದೋಷವಿಲ್ಲವೆಂದು ನೀವು ಶಾಸ್ತ್ರ ಹೇಳುತ್ತೀರಿ, ಗೊತ್ತು; ಆದರೆ ಅದರ ಹಿಂದೆ ಅನ್ನವೂ ಬೇಕಲ್ಲ, ಅನ್ನಕ್ಕೆ ದೋಷವಿದೆಯಲ್ಲ. ಅದಕ್ಕೇ ದ್ವಾದಶಿಯ ಬೆಳಗಿನ ಪಾರಣೆಯಲ್ಲಿ, ತೀರ್ಥ ತಗೊಂಡು ಉಂಡ ಮೇಲೆ, ಬಿಟ್ಟ ಗುಳಿಗೆಗಳನ್ನೆಲ್ಲ ಒಟ್ಟಿಗೇ ತಗೊಂಡುಬಿಡುತ್ತೇನೆ. ದೇವರ ಲೆಕ್ಕವೂ ಸರಿ, ಡಾಕ್ಟರ ಲೆಕ್ಕವೂ ಸರಿ. ನಿಮಗೆ ಮುಂಚೆ ಹೇಳಲಿಲ್ಲ, ಹೇಳಿದ್ದರೆ ಆ ದಂಡೆಯಿಂದಲೇ ಬೈಯುತ್ತಿದ್ದಿರಿ.

ಎಳ್ಳಮಾವಾಸ್ಯೆಗೆ ಸಿಂದಗಿಯಿಂದ ಸುಜಯ, ಸುಮೇಧಾ, ಮೊಮ್ಮಗಳು ಬಂದಿದ್ದರು. ಎಲ್ಲರೂ ಅಗರಖೇಡದ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿಪಲ್ಯ, ಬಿಳಿಜೋಳದ ನಡುವೆ ಭೂಮಿತಾಯಿಗೆಂದು ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತರು. ನನ್ನದು ಉಪವಾಸ. ‘ಹೊಟ್ಟಿ ಸರಿ ಇಲ್ಲವ್ವಾ’ ಎಂದು ಸೊಸೆಗೆ ಸುಳ್ಳು ಹೇಳಿ ಬನ್ನಿಗಿಡದ ಕೆಳಗೆ ಕೂತೆ. ಆವತ್ತೇ ಮೊದಲ ಸಲ ತಲೆಯೊಳಗೆ ಅದು ಬಂತು. ಕಣ್ಣನ್ನು ಆಚೆಯಿಂದ ಈಚೆಗೆ ಹೊರಳಿಸಿದರೆ ಸಾಕು, ಝಣ್ಣೆಂದು ಕರೆಂಟು ಹೊಡೆದ ಹಾಗೆ. ಮೊಮ್ಮಗಳು ತೊಡೆಯ ಮೇಲೆ ಬಂದು ಕೂತರೆ ಆ ಕೂಸಿನ ಭಾರಕ್ಕೇ ಸಿಟ್ಟು ಬಂದು ದೂಡಿದೆ. ಅದು ಎದ್ದು ಹೋಗಿ ತಾಯಿಯ ಬೆನ್ನ ಹಿಂದೆ ಅಡಗಿತು. ಅದು ಆಗ ಬಹಳ ದಿನ ಚುಚ್ಚಿತು.

ಸಂಕ್ರಾಂತಿ ದಾಟಿದ ಮೇಲೆ ಸುಜಯ ವಿಜಯಪುರಕ್ಕೆ ಕರೆದುಕೊಂಡು ಹೋದ. ತಲೆಯಲ್ಲಿ ಕರೆಂಟು, ಬೆವರು, ಕೆಟ್ಟ ಕನಸು, ನೋವು ಮತ್ತೆ ಶುರು, ಎಲ್ಲ ಹೇಳಿದೆ. ಡಾಕ್ಟರಬಾಯಿ ‘ನಡುವ ಗುಳಿಗಿ ಬಿಟ್ಟೀರೇನ್ರಿ?’ ಎಂದು ಕೇಳಿದರು. ಪಕ್ಕದಲ್ಲಿ ಸುಜಯ. ಹೌದು ಎಂದರೆ ಅವನು ಅಲ್ಲೇ ಸಂಕಲ್ಪ ಮುರಿಸುತ್ತಾನೆ. ‘ಛೇ, ಒಂದ ದಿನಾನೂ ತಪ್ಪಿಲ್ರಿ’ ಎಂದೆ. ಅವರು ಹಳೆಯ ಚೀಟಿ ತಿರುವಿ ನೋಡಿದರು. ಆಮೇಲೆ ತಪ್ಪದೆ ತಗೊಂಡರೂ ಸಾಲುತ್ತಿಲ್ಲವೆಂದು ಗುಳಿಗೆಯ ಶಕ್ತಿ ಹೆಚ್ಚಿಸಿ ಬರೆದರು. ನಂಬಿದರು ಪಾಪ. ಕೂದಲು ನೆರೆತ, ಹಣೆಗೆ ಕುಂಕುಮ ಹಚ್ಚಿದ ಹೆಂಗಸು ಸುಳ್ಳು ಹೇಳುತ್ತಾಳೆಂದು ಯಾರು ತಿಳಿಯುತ್ತಾರೆ?

ದೊಡ್ಡ ಗುಳಿಗೆ ಬಂದ ಮೇಲೆ ಉಪವಾಸದ ದಿನಗಳು ಬೇರೆಯೇ ಆದವು. ಏಕಾದಶಿಯ ದಿನ ಭೂಮಿ ಹಡಗಿನ ಹಾಗೆ ತೂಗುತ್ತದೆ. ದ್ವಾದಶಿಯ ಬೆಳಿಗ್ಗೆ ಅಷ್ಟೂ ಗುಳಿಗೆ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಎದೆ ಧಡಧಡ ಹೊಡೆಯುತ್ತದೆ, ಆ ಚಳಿಯಲ್ಲೂ ಕುಪ್ಪಸ ತೊಯ್ಯುತ್ತದೆ, ಕೈಯಲ್ಲಿನ ಲೋಟದ ನೀರು ನೆಲಕ್ಕೆ ಚೆಲ್ಲುತ್ತದೆ. ಹೋದ ದ್ವಾದಶಿ ಬಚ್ಚಲಲ್ಲಿ ಬಿದ್ದೆ. ಮೊಣಕೈ ಕಪ್ಪಾಗಿದೆ, ಪಾಚಿ ಜಾರಿತೆಂದು ಸುಮೇಧಾಳಿಗೆ ಫೋನಿನಲ್ಲಿ ಹೇಳಿದೆ. ಗಾಬರಿಯಾಗಬೇಡಿ, ಮೂಳೆ ಮುರಿದಿಲ್ಲ. ಅವರಾತ್ರಿ ಅಮಾವಾಸ್ಯೆಯ ದಿನ ನಜಮಾ ಬಂದು ‘ಅಕ್ಕಾರ, ನಿಮ್ಮ ಮಾರಿ ಯಾಕೋ ಬ್ಯಾರೇನ ಕಾಣಾಕತ್ತೈತಲ್ರಿ, ಸುಜಯ ತಮ್ಮಗ ಫೋನ್ ಹಚ್ಚಲೇನು?’ ಎಂದಳು. ನಾನು ಬಾಯಿಗೆ ಬಂದಂತೆ ಬೈದು ಕದ ಹಾಕಿಕೊಂಡೆ. ಇಷ್ಟು ವರ್ಷದಲ್ಲಿ ಅವಳಿಗೆ ಒಂದು ಒರಟು ಮಾತು ಆಡಿದವಳಲ್ಲ ನಾನು. ಆ ಬೈಗಳು ನನ್ನ ಬಾಯಲ್ಲಿ ಎಲ್ಲಿದ್ದವೋ ಆ ದೇವರಿಗೇ ಗೊತ್ತು.

ಈಗ ಸಂತೋಷದ ಸುದ್ದಿ ಕೇಳಿ. ಆ ಅಮಾವಾಸ್ಯೆಯ ಮೇಲೆ ನನ್ನ ಮನಸ್ಸು ಪೂರಾ ಶಾಂತವಾಗಿದೆ. ಸಿಟ್ಟಿಲ್ಲ, ಅಳುವಿಲ್ಲ. ಹಸಿವೂ ಇಲ್ಲ. ಮೊಮ್ಮಗಳು ಫೋನಿನಲ್ಲಿ ‘ಅಜ್ಜೀ’ ಎಂದರೆ ಮೊದಲು ಜೀವ ಜಗ್ಗುತ್ತಿತ್ತು, ಈಗ ಯಾರದೋ ಮನೆಯ ಕೂಸು ಕೂಗಿದಂತಿದೆ. ನೋವು ಇದೆ, ಆದರೆ ಅದು ನನ್ನದಲ್ಲ ಎನಿಸುತ್ತದೆ. ಪುರಾಣದಲ್ಲಿ ಆಚಾರ್ಯರು ಹೇಳುವ ವೈರಾಗ್ಯ ಇದೇ ಇರಬೇಕು ನೋಡಿ. ನೀವು ಅಲ್ಲಿ ನಡೆದು ನಡೆದು ಗಳಿಸುವುದು ನನಗೆ ಇಲ್ಲಿ ಕೂತಲ್ಲೇ ಬಂತು! ನನ್ನ ಧಾರೆಯ ಇಳಕಲ್ ಸೀರೆಯನ್ನು ಸುಮೇಧಾಳ ಹೆಸರು ಬರೆದು ಗಂಟು ಕಟ್ಟಿಟ್ಟಿದ್ದೇನೆ. ತುಳಸಿಗೆ ನೀರು ಹಾಕಲು ಹಿಂದಿನ ಓಣಿಯ ಹುಡುಗಿಗೆ ಹೇಳಿದ್ದೇನೆ, ನಾನಿದ್ದರೂ ಇಲ್ಲದಿದ್ದರೂ ಗಿಡ ಒಣಗಬಾರದು. ಮೊನ್ನೆ ಹಾಕಿದ ಲಿಂಬೆಯ ಉಪ್ಪಿನಕಾಯಿಯನ್ನು ಮುಂದಿನ ವರ್ಷ ಯಾರು ತಿನ್ನುತ್ತಾರೋ ಎಂದುಕೊಂಡೆ, ಮನಸ್ಸಿಗೆ ಏನೂ ಅನಿಸಲಿಲ್ಲ. ನೀವು ಪರಿಕ್ರಮ ಪೂರ್ತಿ ಮಾಡಿಯೇ ಬನ್ನಿ, ನನ್ನ ಕಾಳಜಿ ಬೇಡ. ನಾಳೆ ಏಕಾದಶಿ, ನಿರ್ಮಾಲ್ಯದ ಹೂವನ್ನು ಹರಿಯುವ ನೀರಿಗೆ ಬಿಟ್ಟು ಬರುತ್ತೇನೆ. ಬರುವಾಗ ಪತ್ರವನ್ನು ಪೋಸ್ಟಿಗೆ ಹಾಕುತ್ತೇನೆ.

ದಾರಿಯ ದೇವರೆಲ್ಲ ನಿಮ್ಮ ಕಾಲನ್ನು ಕಾಯಲಿ. ಜೊತೆಗೆ ನಡೆಯುವವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಟೊಪ್ಪಿಗೆ ಮರೆಯಬೇಡಿ.

ನಿಮ್ಮ,
ವೆಂಕೂಬಾಯಿ

ತಾ.ಕ. ಶನಿವಾರ, ಮಧ್ಯಾಹ್ನ. ಅಕ್ಷರ ಸೊಟ್ಟಗಿದ್ದರೆ ಹೇಗಾದರೂ ಓದಿಕೊಳ್ಳಿ. ಮೇಲೆ ಬರೆದದ್ದರಲ್ಲಿ ಸಂತೋಷದ ಸುದ್ದಿ ಎಂದೆನಲ್ಲ, ಅದು ಸಂತೋಷದ್ದಲ್ಲ. ಬೆಳಿಗ್ಗೆ ಕೆನಾಲಿಗೆ ಹೋದೆ. ಹೂವು ಬಿಟ್ಟೆ. ಹೂವು ಮುಂದೆ ಹೋಯಿತು, ನಾನೂ ಒಂದು ಮೆಟ್ಟಿಲು ಇಳಿದೆ, ಮತ್ತೊಂದು ಇಳಿದೆ. ಸಾಯಬೇಕೆಂದು ಹೋದವಳಲ್ಲ, ದೇವರಾಣೆ. ಆದರೆ ನಿಲ್ಲಬೇಕೆಂದೂ ಅನಿಸಲಿಲ್ಲ. ಕೌದಿ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ‘ಯವ್ವಾ, ಎಲ್ಲಿಗ್ರಿ!’ ಎಂದು ಚೀರಿ ರಟ್ಟೆ ಹಿಡಿದು ಎಳೆದಾಗ ಸೀರೆ ಮೊಣಕಾಲ ತನಕ ತೊಯ್ದಿತ್ತು. ದಂಡೆಯಲ್ಲಿ ಕೂತ ಮೇಲೆ ಭಯ ಬಂತು. ಎಂಥ ಭಯ ಅಂತೀರಿ, ಹಲ್ಲು ಕಟಕಟ. ಸೀದಾ ನಜಮಾಳ ಮನೆಗೆ ಬಂದೆ. ನಮ್ಮ ಮನೆಯ ಕೀಲಿ ತೆಗೆಯಲು ಧೈರ್ಯವಾಗಲಿಲ್ಲ. ನಾನು ಬೈದದ್ದನ್ನು ಅವಳು ಎತ್ತಲಿಲ್ಲ, ತನ್ನ ಫೋನಿನಿಂದಲೇ ಸುಜಯನಿಗೂ ಡಾಕ್ಟರಬಾಯಿಗೂ ಹಚ್ಚಿಕೊಟ್ಟಳು. ಉಪವಾಸ, ಬಿಟ್ಟ ಗುಳಿಗೆ, ಒಟ್ಟಿಗೆ ನುಂಗಿದ್ದು, ಹೇಳಿದ ಸುಳ್ಳು, ಎಲ್ಲ ಒದರಿದೆ. ಡಾಕ್ಟರಬಾಯಿ ಬೈಯಲಿಲ್ಲ. ‘ಇದು ವೈರಾಗ್ಯ ಅಲ್ರಿ ಅಮ್ಮಾ, ಗುಳಿಗಿ ಬಿಟ್ಟು ಬಿಟ್ಟು ಒಮ್ಮೆಲೇ ನುಂಗಿದ್ದರ ಆಟ. ಮೊದಲ ಏನರೆ ಉಣ್ರಿ, ನೀರು ಕುಡೀರಿ, ಒಬ್ರೇ ಇರಬ್ಯಾಡ್ರಿ, ಇವತ್ತೇ ಇಲ್ಲಿಗೆ ಬರ್ರಿ’ ಎಂದರು. ಸುಜಯ ಸಿಂದಗಿಯಿಂದ ಗಾಡಿ ತಗೊಂಡು ಹೊರಟಿದ್ದಾನೆ. ಧರ್ಮಶಾಲೆಯ ನಂಬರು ಹತ್ತುತ್ತಿಲ್ಲವಂತೆ, ಹೇಗಾದರೂ ಹುಡುಕಿ ನಿಮಗೆ ಮುಟ್ಟಿಸುತ್ತೇನೆ ಎನ್ನುತ್ತಾನೆ. ನಿಮ್ಮ ಕೈಗೆ ಮೊದಲು ಯಾವುದು ಬರುತ್ತದೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಜಮಾ ಅನ್ನ ಮೊಸರು ಕಲಸಿ ತಂದು ಬಾಗಿಲಲ್ಲೇ ನಿಂತು ‘ನಮ್ಮ ಮನೀದು ನಡೀತೈತೇನ್ರಿ ಅಕ್ಕಾರ? ಅದೂ ಇವತ್ತು?’ ಎಂದು ಕೇಳಿದಳು. ಉಂಡೆ. ಏಕಾದಶಿಯ ದಿನ, ಅವಳ ಕೈಯ ಅನ್ನ, ತಟ್ಟೆ ಬಳಿದು ಉಂಡೆ. ನನ್ನ ಸಂಕಲ್ಪ ಮುರಿಯಿತು, ನಿಮ್ಮದನ್ನೂ ಮುರಿಯಿರಿ. ನರ್ಮದೆಯ ದಂಡೆಯಲ್ಲಿ ಎಲ್ಲಿಗೆ ಬಂದಿದ್ದೀರೋ ಅಲ್ಲಿಂದಲೇ ಕೈಮುಗಿದು ಮೊದಲ ರೈಲು ಹತ್ತಿ. ನನಗ ಪುಣ್ಯ ಬ್ಯಾಡ್ರಿ. ನೀವ್ ಬರ್ರಿ.